ಹನ್ನೆರಡನೆಯವನ ಖಾಲಿ ಚೌಕ

ಚ್ಯೂಯಿಂಗ್ ಗಮ್ಮಿನ ಪೊಟ್ಟಣದೊಳಗೆ ಕ್ರಿಕೆಟ್ ಆಟಗಾರರ ಕಾರ್ಡು ಇಟ್ಟು ಮಾರುತ್ತಿದ್ದ ಆ ಕಂಪನಿಯವರು ಈಗ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ. ಬಾಗಿಲು ಮುಚ್ಚಿರಬಹುದು, ಹೆಸರು ಬದಲಿಸಿಕೊಂಡು ಬಿಸ್ಕತ್ತು ಮಾರುತ್ತಿರಬಹುದು. ಎಲ್ಲೇ ಇರಲಿ, ಅವರ ಮೇಲಿನ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ. ಮಕ್ಕಳ ಆಟದ ಚೀಟಿಗೆ ಇಷ್ಟೊಂದು ಉರಿಯೇ ಎಂದು ನನ್ನ ಗಂಡ ನಗುತ್ತಾನೆ. ಅದು ಮಕ್ಕಳ ಆಟವಾಗಿರಲಿಲ್ಲ. ಆ ಕಾರ್ಡುಗಳನ್ನು ಕೂಡಿಸುತ್ತಿದ್ದವರು ಐವತ್ತು ದಾಟಿದ ಒಬ್ಬ ಗಂಡಸು, ನಮ್ಮ ಹೋಟೆಲಿನ ದೋಸೆ ಕಾವಲಿಯ ಮುಂದೆ ಆಯುಷ್ಯ ಸವೆಸಿದವರು.

ತ್ರಿಪ್ಲಿಕೇನಿನಲ್ಲಿ ನಮ್ಮದು ಹತ್ತು ಮೇಜಿನ ಸಸ್ಯಾಹಾರಿ ಹೋಟೆಲು. ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಹಾಕಿದ್ದು. ಕೆಲಸದವರೂ ಹೆಚ್ಚಿನಂಶ ಆ ಕಡೆಯವರೇ. ದೋಸೆ ಹೊಯ್ಯುವವರನ್ನು ಅಪ್ಪಯ್ಯ 'ಭಟ್ರೆ' ಎನ್ನುತ್ತಿದ್ದರು, ನಾನು 'ದೋಸೆ ಮಾವ' ಎನ್ನುತ್ತಿದ್ದೆ. ಅಪ್ಪಯ್ಯ ಅವರಿಗೆ 'ರಾಯ್ರ್'. ಅವರು ಮದುವೆಯಾದವರಲ್ಲ. ಹೋಟೆಲಿನ ಮಾಳಿಗೆಯ ಕೋಣೆಯಲ್ಲೇ ವಾಸ. ಬೆಳಿಗ್ಗೆ ಕಾವಲಿ ಕಾಯುವುದಕ್ಕೆ ಮೊದಲು ಅವರು ಒಂದು ಸಣ್ಣ ಡಬ್ಬಿಯಲ್ಲಿ ಮೈದಾ ಅಂಟು ಕುದಿಸುತ್ತಿದ್ದರು. 'ಇಂದಿನ ವಿಶೇಷ' ಎಂದು ಬರೆದ ಹಾಳೆಯನ್ನು ಬಾಗಿಲ ಬಳಿಯ ಹಲಗೆಗೆ ಹಚ್ಚಲು ದಿನಾ ಅದು ಬೇಕಾಗುತ್ತಿತ್ತು. ಆ ಡಬ್ಬಿ ಅವರ ಕೈಯಳತೆಯಲ್ಲೇ ಇರುತ್ತಿತ್ತು. ಯಾರಿಗೆ ಅಂಟು ಬೇಕಾದರೂ ಅವರನ್ನು ಕೇಳಿಯೇ ತೆಗೆದುಕೊಳ್ಳಬೇಕು.

ನಮ್ಮ ಹೋಟೆಲಿನಿಂದ ಚೇಪಾಕ್ ಮೈದಾನಕ್ಕೆ ನಡೆದರೆ ಹತ್ತು ನಿಮಿಷ. ಮ್ಯಾಚಿನ ದಿನ ಒಳಗೆ ಜನ ಕೂಗಿದ್ದು ನಮ್ಮ ಅಡುಗೆಮನೆಗೆ ಕೇಳುತ್ತಿತ್ತು. ಹಾಗೆಂದು ಕೆಲಸದವರು ಯಾರಾದರೂ ಹೋಗಿ ನೋಡಿದ್ದುಂಟೇ? ಇಲ್ಲ. ಮ್ಯಾಚಿನ ದಿನವೇ ನಮಗೆ ಸುಗ್ಗಿ. ಆಟಕ್ಕೆ ಹೋಗುವವರು ಬೆಳಿಗ್ಗೆ ತಿಂದು ಹೋಗುತ್ತಾರೆ, ಊಟದ ಬಿಡುವಿನಲ್ಲಿ ಕೆಲವರು ಓಡಿ ಬರುತ್ತಾರೆ, ಮುಗಿದ ಮೇಲೆ ಸಾಗರದ ಹಾಗೆ ನುಗ್ಗುತ್ತಾರೆ. ಮ್ಯಾಚಿನ ದಿನ ಯಾರಿಗೂ ರಜೆ ಇಲ್ಲ ಎನ್ನುವುದು ಅಪ್ಪಯ್ಯನ ಕಾನೂನು. ಊರಿನಲ್ಲಿ ತಂಗಿಯ ಮದುವೆ ಎಂದರೂ ಅವರು ಮೊದಲು ಮ್ಯಾಚಿನ ತಾರೀಕು ನೋಡುತ್ತಿದ್ದರು. ಇಪ್ಪತ್ತಕ್ಕೂ ಹೆಚ್ಚು ವರ್ಷ ದೋಸೆ ಮಾವ ಆ ಮೈದಾನದ ಕೂಗನ್ನು ಕಾವಲಿಯ ಮುಂದೆ ನಿಂತೇ ಕೇಳಿದರು. ಕೂಗಿನಲ್ಲೇ ಅವರಿಗೆ ಆಟ ತಿಳಿಯುತ್ತಿತ್ತು. "ಇದ್ ಬೌಂಡ್ರಿ" ಎನ್ನುತ್ತಿದ್ದರು. ಆಮೇಲೆ "ಇದ್ ಔಟ್. ನಮ್ಮವ್ರೇ ಹೋದ್ರ್" ಎನ್ನುತ್ತಿದ್ದರು. ಗಲ್ಲಾದ ಬಳಿಯ ರೇಡಿಯೋಗೆ ಓಡಿಹೋಗಿ ಕೇಳಿದರೆ ಅದೇ ಆಗಿರುತ್ತಿತ್ತು. ಆದರೆ ಒಳಗೆ ಹುಲ್ಲು ಹೇಗಿದೆ, ಆಟಗಾರರು ದೂರದಿಂದ ಎಷ್ಟು ದೊಡ್ಡವರಾಗಿ ಕಾಣುತ್ತಾರೆ ಎಂದು ಅವರಿಗೆ ಗೊತ್ತಿರಲಿಲ್ಲ.

ತೊಂಬತ್ತರ ದಶಕದ ಕೊನೆಯ ಹೊತ್ತು, ನಾನು ಏಳನೆಯ ಕ್ಲಾಸಿನಲ್ಲಿದ್ದಾಗ, ಆ ಗಮ್ಮಿನ ಡಬ್ಬಿ ನಮ್ಮ ಗಲ್ಲಾದ ಮೇಲೆ ಬಂದು ಕೂತಿತು. ಜೊತೆಗೊಂದು ಆಲ್ಬಮ್ಮು. ಎಂಟು ದೇಶದ ತಂಡಗಳು, ಒಂದೊಂದು ತಂಡಕ್ಕೆ ಒಂದು ಪುಟ, ಒಂದು ಪುಟದಲ್ಲಿ ಹನ್ನೆರಡು ಖಾಲಿ ಚೌಕ. ಹನ್ನೊಂದು ಮಂದಿ ಆಟಗಾರರು, ಹನ್ನೆರಡನೆಯವನು ನೀರು ಕೊಡಲು ಓಡಿಬರುವವನು. ಯಾವುದಾದರೂ ಒಂದು ತಂಡದ ಪುಟ ಪೂರ್ತಿ ಮಾಡಿ ಕಳಿಸಿದರೆ ಚೇಪಾಕಿನ ಮುಂದಿನ ಮ್ಯಾಚಿಗೆ ಎರಡು ಟಿಕೆಟ್ಟು ಎಂದು ಹಿಂಬದಿಯಲ್ಲಿ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಅದನ್ನು ಓದಿ ಹೇಳಿದವಳು ನಾನೇ. ದೋಸೆ ಮಾವನಿಗೆ ಇಂಗ್ಲಿಷು ಬರುತ್ತಿರಲಿಲ್ಲ.

"ಎರ್ಡ್ ಟಿಕೆಟಾ?" ಎಂದರು. "ನೀನೂ ಬಪ್ಪುಕ್ ಆತ್ತ್ ಹಾಂಗಾರೆ."

ಆ ದಿನ ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಕಾಲು ಚಾಚಿ ಕೂತಿದ್ದಾಗ ಅವರು ಅಪ್ಪಯ್ಯನ ಮುಂದೆ ಹೋಗಿ ನಿಂತರು. ಅವರು ಅಪ್ಪಯ್ಯನ ಹತ್ತಿರ ಏನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಟಿಕೆಟ್ಟು ಬಂದರೆ ಹೋಗಬಹುದೇ ಎಂದು ಕೇಳಿದರು. ಅಪ್ಪಯ್ಯನಿಗೆ ನಗು ಬಂತು. ಗಮ್ಮು ತಿಂದು ಟಿಕೆಟ್ಟು ಸಿಕ್ಕವನನ್ನು ಯಾರು ಕಂಡಿದ್ದಾರೆ? ಗಲ್ಲಾದ ಮೇಲಿನ ದೇವರ ಪಟದ ಕಡೆ ಕೈ ತೋರಿಸಿ ಎಲ್ಲರೆದುರು ಹೇಳಿಬಿಟ್ಟರು:

"ಹ್ವಾಯ್ ಭಟ್ರೆ, ಟಿಕೆಟ್ ಬಂದ್ರೆ ಹೋಯ್ನಿ ಮರ್ರೆ. ಆ ದಿನ ಕಾವಲಿ ಹತ್ರ ನಾನೇ ನಿಲ್ತೆ. ದೇವ್ರಾಣೆ."

ದೇವರಾಣೆ ಎಂದ ಮೇಲೆ ಮುಗಿಯಿತು. ನಮ್ಮ ಅಪ್ಪಯ್ಯ ಬೇರೆ ಏನು ತಪ್ಪಿದರೂ ಆಣೆ ತಪ್ಪುವವರಲ್ಲ. ಆ ದಿನದಿಂದ ದೋಸೆ ಮಾವನಿಗೆ ಗಮ್ಮು ಒಂದು ವ್ರತವಾಯಿತು. ಹಲ್ಲಿಗೆ ಆಗದು ಎಂದು ಗಮ್ಮನ್ನು ನನಗೆ ಕೊಡುತ್ತಿದ್ದರು, ಕಾರ್ಡನ್ನು ತಾವು ಇಟ್ಟುಕೊಳ್ಳುತ್ತಿದ್ದರು.

ಅವರು ಆರಿಸಿದ್ದು ಭಾರತದ ಪುಟ. ಕಾರ್ಡು ಸಿಕ್ಕ ಕೂಡಲೇ ಅಂಟಿಸುವಂತಿಲ್ಲ. "ಹೆಣ್ಣೆ, ಇದ್ರ್ ಹಿಂದೆ ಎಂತ ಬರ್ದಿತ್, ಮೊದ್ಲ್ ಓದ್ ಕಾಂಬ" ಎನ್ನುತ್ತಿದ್ದರು. ಅಂಟಿಸಿದರೆ ಹಿಂಬದಿ ಹೋಯಿತಲ್ಲ! ಹುಟ್ಟಿದ ಊರು, ಆಡಿದ ಪಂದ್ಯ, ಹೊಡೆದ ರನ್ನು ಎಲ್ಲವನ್ನೂ ನಾನು ಓದಿ, ಅರ್ಧ ಕನ್ನಡ ಅರ್ಧ ತಮಿಳಿನಲ್ಲಿ ಹೇಳುತ್ತಿದ್ದೆ. ಆಮೇಲೆ ಅವರು ಡಬ್ಬಿಯ ಅಂಟನ್ನು ಬೆರಳ ತುದಿಯಲ್ಲಿ ತೆಗೆದು ನಾಲ್ಕು ಮೂಲೆಗೆ ಹಚ್ಚುತ್ತಿದ್ದರು. ಯೋಚಿಸಿ ನೋಡಿ, ಎರಡೂ ಬದಿ ಅಚ್ಚು ಹಾಕಿ, ಒಂದು ಬದಿಯನ್ನು ಶಾಶ್ವತವಾಗಿ ಗೋಡೆಗೆ ತಿರುಗಿಸಿ ಎಂದು ಹೇಳುವ ಬುದ್ಧಿ ಯಾರದ್ದು? ಆಲ್ಬಮ್ಮಿನಲ್ಲಿ ಕಾರ್ಡು ತೂರಿಸುವ ಒಂದು ತೆಳು ಜೇಬು ಇಟ್ಟಿದ್ದರೆ ಅವರ ಗಂಟು ಹೋಗುತ್ತಿತ್ತೇ? ಅದೂ ಸಾಲದು ಎಂಬಂತೆ ಚೌಕ ಕಾರ್ಡಿಗಿಂತ ಒಂದು ಕೂದಲೆಳೆ ಚಿಕ್ಕದು. ಹನ್ನೆರಡು ಕಾರ್ಡು ಹಚ್ಚಿದರೆ ಒಂದರ ಮೇಲೊಂದು ಹತ್ತಿಕೊಳ್ಳುತ್ತಿತ್ತು. ದೋಸೆ ಮಾವ ಪ್ರತಿ ಕಾರ್ಡಿನ ಅಂಚನ್ನೂ ಅಡುಗೆಮನೆಯ ಕತ್ತರಿಯಲ್ಲಿ ಸವರಬೇಕಾಯಿತು.

ಎರಡು ತಿಂಗಳಲ್ಲಿ ಹನ್ನೊಂದು ಬಂದವು. ಹನ್ನೆರಡನೆಯವನು ಬರಲಿಲ್ಲ.

ಬಂದದ್ದು ಕ್ಯಾಪ್ಟನ್. ಪೊಟ್ಟಣ ಒಡೆದರೆ ಕ್ಯಾಪ್ಟನ್, ಮತ್ತೊಂದು ಒಡೆದರೆ ಕ್ಯಾಪ್ಟನ್. "ಎನ್ನ ಮಾವ, ಮರುಪಡಿಯುಂ ಕ್ಯಾಪ್ಟನಾ?" ಎಂದು ನಾನು ತಮಿಳಿನಲ್ಲಿ ಕೇಳುತ್ತಿದ್ದೆ, ಮತ್ತೂ ಕ್ಯಾಪ್ಟನ್ನೇ ಬಂದನಾ ಎಂದು. ಕೊನೆಗೆ ನಲವತ್ತೊಂದು ಕ್ಯಾಪ್ಟನ್‌ಗಳಾದರು. ಅಲುಗಾಡುತ್ತಿದ್ದ ಮೂರನೆಯ ಮೇಜಿನ ಕಾಲಿನಡಿ ನಾಲ್ಕು ಕ್ಯಾಪ್ಟನ್‌ಗಳನ್ನು ಮಡಚಿ ಇಟ್ಟಿದ್ದರು. ನನ್ನ ಶಾಲೆಯಲ್ಲೂ ಅದೇ ಕಥೆ. ಕ್ಲಾಸಿನ ಯಾರ ಹತ್ತಿರವೂ ಹನ್ನೆರಡನೆಯವನು ಇರಲಿಲ್ಲ. ಪೆರಂಬೂರಿನಿಂದ ಬರುತ್ತಿದ್ದ ಒಬ್ಬಳು ತನ್ನ ರೈಲ್ವೆ ಕಾಲೊನಿಯನ್ನೆಲ್ಲ ಜಾಲಾಡಿ ಬಂದು ಅಲ್ಲೂ ಇಲ್ಲ ಎಂದಳು.

ದೋಸೆ ಮಾವನಿಗೆ ಆ ಹನ್ನೆರಡನೆಯವನ ಮೇಲೆ ಒಂದು ಬಗೆಯ ಮಮತೆ ಹುಟ್ಟಿತು. "ನೀರ್ ತಕಂಡ್ ಹೋಪವ ಅಲ್ದಾ, ಪುರ್ಸೊತ್ತ್ ಸಿಕ್ಕಿಲ್ಲ ಅವ್ನಿಗೆ. ಬತ್ತ" ಎನ್ನುತ್ತಿದ್ದರು. ನನಗೆ ಅಷ್ಟು ಸಹನೆ ಇರಲಿಲ್ಲ. ಹದಿಮೂರನೇ ವಯಸ್ಸಿಗೇ ನನ್ನ ನಾಲಿಗೆ ಚೂಪು. ಆಲ್ಬಮ್ಮಿನ ಹಿಂದಿದ್ದ ವಿಳಾಸಕ್ಕೆ ಪತ್ರ ಬರೆದೆ.

ಮೊದಲ ಪತ್ರ ಮರ್ಯಾದೆಯದು. ನಮ್ಮ ಹತ್ತಿರ ಹನ್ನೊಂದು ಇವೆ, ಒಂದು ಬೇಕು, ಬದಲಿಗೆ ಹತ್ತು ಕ್ಯಾಪ್ಟನ್‌ಗಳನ್ನು ವಾಪಸು ಕಳಿಸುತ್ತೇವೆ ಎಂದು ಬರೆದೆ. ಹದಿನೈದು ದಿನಕ್ಕೆ ಉತ್ತರ ಬಂತು. ಪ್ರೀತಿಯ ಪುಟ್ಟ ಗೆಳೆಯ ಎಂದು ಶುರುವಾಗುವ ಅಚ್ಚಾದ ಕಾಗದ, ಜೊತೆಗೆ ಬಣ್ಣ ತುಂಬಲು ಒಂದು ಕಾಂಗರೂ ಚಿತ್ರ. ಊಟಕ್ಕಿಲ್ಲದ ಉಪ್ಪಿನಕಾಯಿ! ನಾನು ಹುಡುಗಿ, ಕಾರ್ಡು ಕೂಡಿಸುವವರು ಕೂದಲು ನರೆತವರು, ಕೇಳಿದ್ದು ಒಂದು ಕಾರ್ಡು, ಬಂದದ್ದು ಕಾಂಗರೂ. ನಾನು ಅಡುಗೆಮನೆಯಲ್ಲೇ ಆ ಚಿತ್ರವನ್ನು ಹರಿದು ಒಲೆಗೆ ಹಾಕಿದೆ.

ಎರಡನೆಯ ಪತ್ರದಲ್ಲಿ ಮರ್ಯಾದೆ ಇರಲಿಲ್ಲ. ಒಂದು ತಂಡವನ್ನೇ ಕೂಡಿಸುವವನಿಗೆ ಉಳಿದ ಏಳು ತಂಡಗಳನ್ನು ಗಂಟಲಿಗೆ ತುರುಕುವುದು ಯಾಕೆ, ಪೊಟ್ಟಣದ ಮೇಲೆ ತಂಡದ ಹೆಸರು ಅಚ್ಚು ಹಾಕಿದರೆ ನಿಮ್ಮ ಕೈ ಬಿದ್ದುಹೋಗುತ್ತದೆಯೇ ಎಂದು ಕೇಳಿದೆ. ಯಾವ ಕಾರ್ಡು ಎಷ್ಟು ಅಚ್ಚಾಗಿದೆ ಎಂದು ಧೈರ್ಯವಿದ್ದರೆ ಡಬ್ಬಿಯ ಮೇಲೆ ಬರೆಯಿರಿ ಎಂದೆ. ಇನ್ನೊಂದು ವಿಷಯ ನನ್ನ ಹೊಟ್ಟೆ ಉರಿಸಿದ್ದು. ಟಿಕೆಟ್ಟು ಬೇಕಾದರೆ ಪೂರ್ತಿಯಾದ ಪುಟವನ್ನು ಚುಕ್ಕಿ ಗೆರೆಯ ಉದ್ದಕ್ಕೆ ಹರಿದು ಕಳಿಸಬೇಕಂತೆ! ಇಡೀ ಪುಸ್ತಕ ಮಾಡಿದವನು ತಾನು ಮಾಡಿದ್ದನ್ನು ಸಾಬೀತು ಮಾಡಲು ಪುಸ್ತಕವನ್ನೇ ಹರಿಯಬೇಕು. ಕೂಡಿಸುವವರು ಎಂದರೆ ಏನು ಎಂದು ಗೊತ್ತಿರುವ ಒಬ್ಬ ಮನುಷ್ಯನಾದರೂ ನಿಮ್ಮ ಆಫೀಸಿನಲ್ಲಿ ಇದ್ದಾನೆಯೇ ಎಂದು ಬರೆದು ಕೊನೆಗೆರೆ ಹಾಕಿದೆ.

ಕಳಿಸುವ ಮೊದಲು ಪತ್ರವನ್ನು ದೋಸೆ ಮಾವನಿಗೆ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ಅವರು ಹಿಟ್ಟು ಹರವುತ್ತ ತಲೆ ಬಗ್ಗಿಸಿಕೊಂಡು ಕೇಳುತ್ತಿದ್ದರು. "ಕೈ ಬಿದ್ ಹೋತ್ತಾ ಅಂದ್ ಬರ್ದ್ಯಾ?" ಎಂದು ಮತ್ತೆ ಕೇಳುತ್ತಿದ್ದರು. "ಹ್ಞಾಂ, ಬರ್ದೆ" ಎಂದರೆ ಎಣ್ಣೆಯ ಬಟ್ಟೆಯಿಂದ ಕಾವಲಿಯನ್ನು ಒಂದು ಸುತ್ತು ಜಾಸ್ತಿ ಒರೆಸುತ್ತಿದ್ದರು. ಅವರಿಗೆ ಅದು ಇಷ್ಟವಾಯಿತು ಎಂದು ನನಗೆ ತಿಳಿಯುತ್ತಿತ್ತು.

ಇಲ್ಲಿ ನಮ್ಮ ಹೋಟೆಲಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಏನೇ ಹೊಸದು ತೆರೆದರೂ ಮೊದಲನೆಯದು ದೇವರ ಪಾಲು. ಮೊದಲ ಇಡ್ಲಿ, ಮೊದಲ ಲೋಟ ಕಾಫಿ, ಹೊಸ ಸಕ್ಕರೆ ಮೂಟೆಯ ಮೊದಲ ಹಿಡಿ, ಎಲ್ಲ ಗಲ್ಲಾದ ಮೇಲಿನ ದೇವರ ಪಟದ ಮುಂದೆ ಹೋಗುತ್ತಿತ್ತು. ಗಮ್ಮಿನ ಡಬ್ಬಿಗೂ ಅದೇ ನಿಯಮ. ಹೊಸ ಡಬ್ಬಿ ಬಂದರೆ ಅಪ್ಪಯ್ಯ ತಾವೇ ಒಡೆದು, ಮೇಲಿನ ಮೊದಲ ಪೊಟ್ಟಣವನ್ನು ಕಣ್ಣಿಗೊತ್ತಿಕೊಂಡು ಪಟದ ಬುಡದಲ್ಲಿ ಇಡುತ್ತಿದ್ದರು. ದೇವರು ಗಮ್ಮು ಜಗಿಯುತ್ತಾನಾ ಎಂದು ನಾನು ಕೇಳಿ ಬೈಸಿಕೊಂಡಿದ್ದೇನೆ. ಆ ಪೊಟ್ಟಣಗಳನ್ನು ಆಯುಧ ಪೂಜೆಯ ದಿನ ಪ್ರಸಾದವೆಂದು ನಮಗೆ ಹಂಚುತ್ತಿದ್ದರು. ಅಲ್ಲಿಯವರೆಗೆ ಯಾರೂ ಮುಟ್ಟುವಂತಿಲ್ಲ. ದೋಸೆ ಮಾವನಂತೂ ಆ ಕಡೆ ನೋಡುತ್ತಲೂ ಇರಲಿಲ್ಲ.

ಪುಟ ಕಳಿಸುವ ಕೊನೆಯ ದಿನ ಕಳೆಯಿತು. ಹನ್ನೆರಡನೆಯ ಚೌಕ ಖಾಲಿ ಉಳಿಯಿತು. ಮ್ಯಾಚಿನ ದಿನ ಶಾಲೆಗೆ ರಜೆ ಇತ್ತು, ನಾನು ಅಡುಗೆಮನೆಯಲ್ಲೇ ಇದ್ದೆ. ಬೆಳಿಗ್ಗೆಯ ಗದ್ದಲ ಮುಗಿದು ಮೈದಾನದಲ್ಲಿ ಆಟ ಶುರುವಾಯಿತು. ಮೊದಲ ಕೂಗು ಬಂದಾಗ ನಾನು ದೋಸೆ ಮಾವನ ಮುಖ ನೋಡಿದೆ. ಅವರು ಬೌಂಡರಿ ಎನ್ನಲಿಲ್ಲ. ಔಟ್ ಎನ್ನಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಭಾರೀ ಕೂಗು ಬಂತು, ಕಿಟಕಿಯ ಗಾಜು ನಡುಗುವಷ್ಟು. ಕಾವಲಿಯ ಮೇಲಿನ ದೋಸೆ ಸೀದು ಹೊಗೆಯೆದ್ದಿತು. ನನಗೆ ತಿಳಿದ ಮಟ್ಟಿಗೆ ಅವರ ಕೈಯಲ್ಲಿ ಸೀದ ದೋಸೆ ಅದೊಂದೇ. ಅವರು ಅದನ್ನು ಕೆರೆದು ತೆಗೆದು, ನೀರು ಚಿಮುಕಿಸಿ, ಮುಂದಿನದನ್ನು ಹೊಯ್ದರು.

ಆ ಸಂಜೆ ನಾನು ಮೂರನೆಯ ಪತ್ರ ಬರೆದೆ. ಮುಂದೆ ಇನ್ನೂ ಎರಡು ಬರೆದೆ. ಮರು ವರ್ಷ ಕಂಪನಿಯವರು ಹೊಸ ಸೆಟ್ಟು ತಂದರು. ಕಾರ್ಡಿನ ಅಳತೆಯೇ ಬೇರೆ, ಹಳೆಯ ಆಲ್ಬಮ್ಮಿಗೆ ಒಂದೂ ಕೂರುವುದಿಲ್ಲ. ಹಳೆಯದನ್ನು ಅರ್ಧಕ್ಕೆ ಬಿಟ್ಟವರ ಗತಿ ಏನು ಎಂದು ಐದನೆಯ ಪತ್ರದಲ್ಲಿ ಕೇಳಿದೆ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುವುದನ್ನು ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ತಿಳಿಯದೆ, ಕನ್ನಡದಲ್ಲೇ ಬರೆದು ಅಡಿಗೆರೆ ಎಳೆದೆ. ಉತ್ತರವಾಗಿ ಮತ್ತೊಂದು ಕಾಂಗರೂ ಬಂತು. ದೋಸೆ ಮಾವ ಹೊಸ ಸೆಟ್ಟನ್ನು ಮುಟ್ಟಲಿಲ್ಲ. ನಾನು ಕಾಲೇಜು ಸೇರಿದ ವರ್ಷ ಅವರ ಮೊಣಕಾಲು ಪೂರ್ತಿ ಸೋತಿತು. ಅಷ್ಟು ವರ್ಷ ನಿಂತ ಕಾಲು, ಇನ್ನೇನಾದೀತು. ಊರಿಗೆ, ತಂಗಿಯ ಮನೆಗೆ ಹೊರಟರು. ಟ್ರಂಕಿನಲ್ಲಿ ಬಟ್ಟೆಯ ಕೆಳಗೆ ಆಲ್ಬಮ್ಮನ್ನು ಇಟ್ಟುಕೊಂಡದ್ದನ್ನು ನಾನು ನೋಡಿದೆ.

ಓದು ಮುಗಿಸಿ ನಾನು ಸೇರಿದ್ದು ಮಾಧವರಂ ಹತ್ತಿರದ ಒಂದು ಪ್ರಿಂಟಿಂಗ್ ಪ್ರೆಸ್ಸಿಗೆ. ರಟ್ಟಿನ ಡಬ್ಬಿ, ತಿಂಡಿ ಪೊಟ್ಟಣ, ಲೇಬಲ್ಲುಗಳ ಅಚ್ಚು ಅಲ್ಲಿನ ಕೆಲಸ. ಕಂಪ್ಯೂಟರಿನಲ್ಲಿ ಅವುಗಳನ್ನು ಜೋಡಿಸುವುದು ನನ್ನ ಪಾಲಿಗೆ. ಎರಡು ಸಾವಿರದ ಆ ದಶಕದ ನಡುವೆ ಒಂದು ದಿನ, ಚಿಪ್ಸ್ ಪೊಟ್ಟಣದಲ್ಲಿ ಹಾಕುವ ಕ್ರಿಕೆಟ್ ಕಾರ್ಡುಗಳ ಕೆಲಸ ನನ್ನ ಮೇಜಿಗೇ ಬಂದಿತು. ದೊಡ್ಡ ಹಾಳೆಯಲ್ಲಿ ಎಲ್ಲ ಆಟಗಾರರನ್ನೂ ಸಾಲಾಗಿ ಕೂರಿಸಿದೆ, ತಲೆಗೊಂದು ಜಾಗ. ಮಾಲೀಕರು ನೋಡಿ ಎರಡು ಹೆಸರಿಗೆ ಕೆಂಪು ಗೆರೆ ಹಾಕಿದರು. ಇವನ್ನು ತೆಗೆದು ಆ ಜಾಗದಲ್ಲಿ ದೊಡ್ಡ ಹೆಸರಿನವನನ್ನು ಇನ್ನೆರಡು ಸಲ ಹಾಕು, ಕೆಲಸ ಕೊಟ್ಟ ಪಾರ್ಟಿಯವರು ಹೇಳಿದ್ದಾರೆ ಎಂದರು.

ಯಂತ್ರದ ಹತ್ತಿರ ಇದ್ದ ಹಿರಿಯ ಮೆಷಿನ್‌ಮ್ಯಾನ್ ನನ್ನ ಮುಖ ನೋಡಿ ಯಾಕಮ್ಮಾ ಎಂದು ಕೇಳಿದರು. ನಾನು ಹಳೆಯ ಗಮ್ಮಿನ ಕಾರ್ಡಿನ ಕಥೆ ಹೇಳಿದೆ. ಅವರು ನಕ್ಕುಬಿಟ್ಟರು.

"ಅಂದ ಪನ್ನೆಂಡಾಂ ನಂಬರಾ?" ಎಂದರು. ಆ ಹನ್ನೆರಡನೆಯ ನಂಬರಿನದಾ, ಅದನ್ನು ಅಚ್ಚು ಹಾಕಿದವನು ನಾನೇ ಎಂದರು.

ಆಗ ಅವರು ಇದ್ದದ್ದು ಬೇರೊಂದು ಪ್ರೆಸ್ಸಿನಲ್ಲಂತೆ. ಹಾಳೆಯಲ್ಲಿ ತೊಂಬತ್ತಾರು ಕಾರ್ಡಿಗೂ ಸರಿಯಾಗಿ ಜಾಗವಿತ್ತು. ಮೊದಲ ದಿನ ಮಾತ್ರ ಪೂರ್ತಿ ಹಾಳೆ ಓಡಿಸಿದರು. ಮರುದಿನ ಅಚ್ಚಿನ ಪ್ಲೇಟು ಬದಲಿಸಿ, ಭಾರತದ ಹನ್ನೆರಡನೆಯವನನ್ನು ತೆಗೆದು ಅವನ ಜಾಗಕ್ಕೆ ಕ್ಯಾಪ್ಟನ್ನನ್ನೇ ಇನ್ನೊಮ್ಮೆ ಕೂರಿಸಿದರು. ಮೊದಲ ದಿನದ ಆ ಕೆಲವು ಹನ್ನೆರಡನೆಯವರನ್ನು ಬೇರೆ ಕಟ್ಟು ಕಟ್ಟಿ, ಎಲ್ಲೋ ಒಂದೊಂದು ಡಬ್ಬಿಯಲ್ಲಿ ಎಲ್ಲಕ್ಕಿಂತ ಮೇಲಿನ ಪೊಟ್ಟಣಕ್ಕೆ ಹಾಕಿಸಿದರು. ಅಂಗಡಿ ತೆರೆದ ಕೂಡಲೇ ಒಬ್ಬನಿಗೆ ಸಿಕ್ಕರೆ ಬೀದಿಯೆಲ್ಲ ಹುಚ್ಚು ಹಿಡಿಯುತ್ತದಲ್ಲ, ಅದಕ್ಕೆ. ಹೀಗೆ ಯಾಕೆ ಮಾಡಬೇಕು, ಎಲ್ಲರನ್ನೂ ಸಮಾನ ಹಾಕಿದರೆ ಏನಾಗುತ್ತಿತ್ತು ಎಂದು ನಾನು ಕಿರುಚಿಯೇ ಕೇಳಿದೆ.

"ಸೆಟ್ಟು ಮುಡಿಂಜಾ ಅಪ್ಪುರಂ ಯಾರುಮ್ಮಾ ವಾಂಗುವಾಂಗ?" ಎಂದರು ಅವರು ಶಾಂತವಾಗಿ. ಸೆಟ್ಟು ಮುಗಿದ ಮೇಲೆ ಮತ್ತೆ ಯಾರು ಕೊಳ್ಳುತ್ತಾರಮ್ಮ?

ಇದೇ ಅವರ ಇಡೀ ಜ್ಞಾನ. ಮೂಗಿಗೆ ತುಪ್ಪ ಸವರಿ ಓಡಿಸುವುದು. ಸೆಟ್ಟು ಮುಗಿಸಿದವನು ಮರುವರ್ಷದ ಸೆಟ್ಟಿಗೆ ಮೊದಲ ದಿನವೇ ಬಂದು ನಿಲ್ಲುತ್ತಾನೆ, ಮುಗಿಸಲಾಗದವನು ಸಾಯುವ ತನಕ ಬೈಯುತ್ತಾನೆ ಎನ್ನುವುದು ಆ ತಲೆಗಳಿಗೆ ಹೊಳೆಯಲೇ ಇಲ್ಲ. ನಾನು ಮಾಲೀಕರ ಕೋಣೆಗೆ ಹೋಗಿ, ಎಲ್ಲರಿಗೂ ಒಂದೊಂದೇ ಜಾಗ ಕೊಡೋಣ, ತಂಡದ ಪಟ್ಟಿಯನ್ನು ಪೊಟ್ಟಣದ ಹಿಂದೆ ಹಾಕೋಣ, ಕೊನೆಯ ಒಂದು ಸಿಗದವರಿಗೆ ಅಂಚೆಯಲ್ಲಿ ಕಳಿಸೋಣ ಎಂದು ವಾದಿಸಿದೆ. ಅವರು ಗಡಿಯಾರ ನೋಡಿದರು. ಕೆಂಪು ಗೆರೆ ಬಿದ್ದ ಇಬ್ಬರನ್ನೂ ಕೊನೆಗೆ ನನ್ನ ಕೈಯಿಂದಲೇ ತೆಗೆಸಿದರು. ಆ ನಾಚಿಕೆ ಬೇರೆ ನನ್ನ ಪಾಲಿಗಿದೆ.

ಅದೇ ವರ್ಷ ಅಪ್ಪಯ್ಯ ಹೋಟೆಲಿನ ಹಳೆಯ ಮರದ ಗಲ್ಲಾ ತೆಗೆಸಿ ಗ್ರಾನೈಟಿನದು ಹಾಕಿಸಲು ಹೊರಟರು. ಭಾನುವಾರ ಬೆಳಿಗ್ಗೆ ನಾನು ಸಹಾಯಕ್ಕೆ ಹೋದೆ. ದೇವರ ಪಟವನ್ನು ಮೊಳೆಯಿಂದ ಇಳಿಸಿ, ಒರೆಸಲು ಅದರ ಬೆನ್ನು ತಿರುಗಿಸಿದೆ. ಹಿಂಬದಿಯ ರಟ್ಟಿಗೂ ಚೌಕಟ್ಟಿಗೂ ನಡುವೆ ಏನೋ ಸಿಕ್ಕಿಕೊಂಡಿತ್ತು. ಎಳೆದರೆ ಒಂದು ಗಮ್ಮಿನ ಪೊಟ್ಟಣ. ಹಳೆಯದು, ಬಣ್ಣ ಮಾಸಿದ್ದು. ಒಂದು ಬದಿ ಒಡೆದು, ಮತ್ತೆ ಮುಚ್ಚಿ ಅಂಟಿಸಿದ್ದರು. ಮುಚ್ಚಿದ ಕಡೆ ಒಣಗಿದ ಮೈದಾ ಅಂಟಿನ ಬಿಳಿ ಹಕ್ಕಳೆ. ಅಂಚನ್ನು ಹುಳ ತಿಂದಿತ್ತು. ಒಳಗೆ ಕಲ್ಲಾದ ಗಮ್ಮು, ಹನ್ನೆರಡನೆಯವನು.

ನಾನು ಅದನ್ನು ಅಪ್ಪಯ್ಯನ ಮುಂದೆ ಹಿಡಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, ಕನ್ನಡಕ ತೆಗೆದರು.

"ಒಡೆದದ್ದು ಯಾರು?" ಎಂದೆ.

"ನಾನೇ. ಭಟ್ರಿಗೆ ಬೇಕಾದ್ದ್ ಇತ್ತಾ ಕಾಂಬ ಅಂದೇ ಒಡ್ದೆ. ದೇವ್ರಿಗೆ ಕೈ ಮುಗ್ದೇ ಒಡ್ದದ್ದ್. ಇತ್ತ್. ಮತ್ತೆ ಕೊಡುಕೆ ಕೈ ಬರ್ಲಿಲ್ಲ."

"ಯಾಕೆ?"

"ಮ್ಯಾಚಿಗೆ ತಿಂಗ್ಳಿತ್ತ್ ಅಷ್ಟೇ. ಆಣೆ ಹಾಕಿ ಆಗಿತ್ತಲೆ. ಅವ್ರ್ ಹೋದ್ರೆ ಆ ದಿನ ದ್ವಾಸಿ ಯಾರ್ ಹೊಯ್ಯೂದ್? ನಂಗ್ ಬತ್ತಾ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವ ಗಾದೆಯನ್ನು ಇಷ್ಟು ಹತ್ತಿರದಿಂದ ನೋಡುತ್ತೇನೆಂದು ನಾನು ಎಣಿಸಿರಲಿಲ್ಲ. ಆಣೆ ಮುರಿಯಲು ಹೆದರಿಕೆ, ದೇವರ ಪಾಲನ್ನು ಎಸೆಯಲು ಹೆದರಿಕೆ, ಒಬ್ಬ ಮನುಷ್ಯನ ಆಸೆಯನ್ನು ಪಟದ ಹಿಂದೆ ಸಿಕ್ಕಿಸಿ ಇಡಲು ಮಾತ್ರ ಹೆದರಿಕೆ ಇರಲಿಲ್ಲ. ಕಂಪನಿಯವರು ಕಾರ್ಡನ್ನು ಕೊರತೆ ಮಾಡಿದರು ಎಂದು ನಾನು ಎಷ್ಟು ಬೈದಿದ್ದೆ! ಅವರು ಕೊನೆಗೆ ಒಂದನ್ನಾದರೂ ನಮ್ಮ ಬಾಗಿಲಿಗೆ ಕಳಿಸಿದ್ದರು. ನಾನು ಅಪ್ಪಯ್ಯನಿಗೆ ಏನೇನು ಅಂದೆನೋ ಇಲ್ಲಿ ಬರೆಯುವುದಿಲ್ಲ. ಗ್ರಾನೈಟು ಹೊತ್ತು ತಂದವರು ಬಾಗಿಲಲ್ಲೇ ನಿಂತು ಕೇಳಿದರು.

ಅಲ್ಲೇ ಗಲ್ಲಾದ ಫೋನಿನಿಂದ ಊರಿಗೆ ಫೋನು ಮಾಡಿದೆ. ದೋಸೆ ಮಾವನ ತಂಗಿ ಎತ್ತಿ, ಅಣ್ಣನನ್ನು ಕರೆದರು. ಕೋಲೂರಿ ಬರುವ ಸದ್ದು ಕೇಳಿಸಿತು.

"ಮಾವ, ಹನ್ನೆರಡನೆಯವ ಸಿಕ್ಕಿದ" ಎಂದೆ.

"ದೇವ್ರ್ ಪಟದ್ ಹಿಂದೆ ಇತ್ತಾ?" ಎಂದರು.

ನಿಮಗೆ ಗೊತ್ತಿತ್ತಾ ಎಂದು ಕೇಳಿದೆ.

"ಅಂಟ್ ಕೇಂಡದ್ದ್ ನನ್ ಹತ್ರವೇ ಅಲ್ದಾ ಹೆಣ್ಣೆ. ಹೊಸ ಡಬ್ಬಿ ಒಡ್ದ್ ದಿನ ರಾಯ್ರ್ ಬಂದ್ ಬೆರಳ್ ತುದಿಗೆ ಇಷ್ಟ್ ಅಂಟ್ ತಕಂಡ್ ಹೋದ್ರ್. ಬಾಗ್ಲಿನ್ ಹಲ್ಗಿಗೆ ಹಚ್ಚಿ ಆಗಿತ್ತ್. ಮತ್ತೆಂತಕೆ ಅಂಟ್? ಮಾರ್ನೆ ದಿನ ಕಂಡ್ರೆ ಪಟದ್ ಬುಡದಗೆ ಪೊಟ್ಣ ಇಲ್ಲ. ದೇವ್ರ್ ಪಾಲ್ ರಾಯ್ರ್ ಬಿಸಾಡುವವ್ರಲ್ಲ, ಹಿಂದೆಯೇ ಇರ್ಕ್ ಅಂದ್ ಎಣಿಸ್ದೆ."

"ಮತ್ತೆ ಯಾಕೆ ಕೇಳಲಿಲ್ಲ? ನಾನು ಐದು ಪತ್ರ ಬರೆದೆನಲ್ಲ, ಸುಮ್ಮನೆ ಯಾಕೆ ಬರೆಯಲು ಬಿಟ್ಟಿರಿ?" ನನಗೆ ಅವರ ಮೇಲೂ ಸಿಟ್ಟು ಬಂದಿತ್ತು.

"ದೇವ್ರ್ ಪಾಲ್ ಕೇಂಬುಕೆ ಆತ್ತಾ? ರಾಯ್ರಿಗೆ ಬಯ್ಯೂಕೆ ಆತ್ತಾ? ನಂಗ್ ಬಯ್ಯೂಕೇ ಬತ್ತಿಲ್ಲ. ನೀ ಆ ಕಂಪ್ನಿಯವ್ರಿಗೆ ಬೈದದ್ದ್ ಓದಿ ಹೇಳ್ತಿದ್ದೆ ಅಲ್ದಾ. ಕೇಂಡ್ಕಂಡ್ ದ್ವಾಸಿ ಹೊಯ್ತಿದ್ದೆ. ಮನ್ಸ್ ಹಗೂರ ಆತಿತ್ತ್."

ಅಳು ಬರುತ್ತಿತ್ತು, ಅದನ್ನು ಅಪ್ಪಯ್ಯನ ಎದುರು ತೋರಿಸಲು ನನಗೆ ಇಷ್ಟವಿರಲಿಲ್ಲ.

"ಕಳ್ಸ್, ಅಂಟ್ಸ್ತೆ" ಎಂದರು ದೋಸೆ ಮಾವ. "ಹಿಂದೆ ಎಂತ ಬರ್ದಿತ್, ಮೊದ್ಲ್ ಓದ್ ಕಾಂಬ."

ನಾನು ಕಾರ್ಡು ತಿರುಗಿಸಿದೆ. ಹುಟ್ಟಿದ ಊರು ಇತ್ತು, ಬಲಗೈ ಆಟಗಾರ ಎಂದಿತ್ತು. ಒಳ್ಳೆಯ ಫೀಲ್ಡರ್ ಎಂದಿತ್ತು. ಆಡಿದ ಪಂದ್ಯಗಳು ಎನ್ನುವ ಸಾಲಿನಲ್ಲಿ ಸೊನ್ನೆ ಇತ್ತು.

"ಒಂದೂ ಆಡ್ಲಿಲ್ಲ್ಯಾ?"

"ಇಲ್ಲ ಮಾವ. ಒಂದೂ ಇಲ್ಲ."

ಅಪ್ಪಯ್ಯ ಪಕ್ಕದಲ್ಲೇ ಕುರ್ಚಿಯಲ್ಲಿ ಕೂತಿದ್ದರು, ತೊಡೆಯ ಮೇಲೆ ದೇವರ ಪಟ. ಅವರಿಗೂ ಕೇಳಲಿ ಎಂದು ಆ ಸಾಲನ್ನು ನಾನು ಇನ್ನೊಂದು ಸಲ ಗಟ್ಟಿಯಾಗಿ ಓದಿದೆ.